ಸೂಕ್ಷ್ಮದರ್ಶಕಕ್ಕೊಂದು ಕ್ಯಾಮೆರಾ

"ಗುರುಗಳೇ, ಸೂಕ್ಷ್ಮದರ್ಶಕಕ್ಕೆ ಜೋಡಿಸಲು ಎರಡು ಕ್ಯಾಮೆರಾ ನೋಡಿ ಬಂದಿದ್ದೇನೆ. ಯಾವುದನ್ನು ಕೊಂಡರೆ ಕೆಲಸದಲ್ಲಿ ತಪ್ಪಾಗುವುದಿಲ್ಲ?" ಎಂದು ಪ್ರಯೋಗಾಲಯದ ಕೆಲಸ ಕಲಿಯುತ್ತಿದ್ದ ಶಿಷ್ಯ ಕೇಳಿದ.

"ತಪ್ಪೇ ಆಗದ ಕ್ಯಾಮೆರಾ! ಅದು ಯಾವ ಅಂಗಡಿಯಲ್ಲಿ ಸಿಕ್ಕಿತಯ್ಯ ನಿನಗೆ? ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಗಾಜಿನ ಮೇಲೆ ಸವರಿದ ಕಫದಲ್ಲಿ ಕ್ಷಯದ ರೋಗಾಣು ಹುಡುಕುವುದು ಅವನ ಕೆಲಸ. ಹೊಲ ಉಳುವವನ ಹಾಗೆ ಗಾಜನ್ನು ಈ ತುದಿಯಿಂದ ಆ ತುದಿಗೆ ಸರಿಸುತ್ತಿದ್ದ. ತುದಿ ಮುಟ್ಟಿದೊಡನೆ ಸೂಕ್ಷ್ಮದರ್ಶಕದ ತಿರುಪನ್ನು ಒಂದು ಅಳತೆ ತಿರುಗಿಸಿ ಮುಂದಿನ ಸಾಲು ಹಿಡಿಯುತ್ತಿದ್ದ. ಇಪ್ಪತ್ತು ವರ್ಷದ ಅಭ್ಯಾಸ; ಆ ಅಳತೆ ಬೆರಳಿಗೇ ಗೊತ್ತಿತ್ತು.

ಬಗ್ಗಿ ಬಗ್ಗಿ ಅವನ ಕತ್ತು ಸೋತಿತು. ಪರದೆಯಲ್ಲಿ ನೋಡೋಣವೆಂದು ಎರಡು ಕ್ಯಾಮೆರಾ ತರಿಸಿದ. ಒಂದರಲ್ಲಿ ಕಣ್ಣಿಗೆ ಕಾಣುವಷ್ಟೂ ಬಂದಿತು, ಆದರೆ ಚಿತ್ರ ಸ್ವಲ್ಪ ಮಂಕು. ಇನ್ನೊಂದರಲ್ಲಿ ನಡುವಿನ ಭಾಗ ಮಾತ್ರ ಬಂದಿತು, ಆದರೆ ಅದೇನು ಬಣ್ಣ, ಅದೇನು ಹೊಳಪು! ಮನಸ್ಸು ಅಲ್ಲಿಗೇ ಜಾರಿತು. ಅಂಚು ಕಾಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸಾಲುಗಳನ್ನು ಒತ್ತೊತ್ತಾಗಿ ಹಿಡಿದರಾಯಿತು ಎಂದುಕೊಂಡ. ಎರಡು ದಿನ ಹಾಗೇ ಮಾಡಿದ. ಮೂರನೆಯ ದಿನ ಕೆಲಸದ ಭರದಲ್ಲಿ ಬೆರಳು ಹಳೆಯ ಅಳತೆಗೇ ಮರಳಿತು. ಸಾಲಿಗೂ ಸಾಲಿಗೂ ನಡುವೆ ನೋಡದ ಪಟ್ಟೆಗಳು ಉಳಿದವು.

ಬುಟ್ಟಿ ಹೆಣೆಯುವವನೊಬ್ಬ ಹೆಂಡತಿಯನ್ನು ಕರೆತಂದ. ತಿಂಗಳಿಂದ ಕೆಮ್ಮು, ಮೈ ಕಡ್ಡಿಯಾಗಿತ್ತು. ಪರೀಕ್ಷಕನಿಗೆ ಪರದೆಯಲ್ಲಿ ಏನೂ ಕಾಣಲಿಲ್ಲ.

"ಸರಿಯಾಗಿ ನೋಡಿದಿರಾ ಸ್ವಾಮಿ?" ಎಂದ ಗಂಡ.

"ಪೂರ್ತಿ ನೋಡಿದ್ದೇನಪ್ಪ. ಕ್ಷಯವಲ್ಲ, ಧೈರ್ಯವಾಗಿ ಹೋಗು."

ಗಂಡ ಕೈಮುಗಿದು ಹೋದ. ಕ್ಷಯಕ್ಕೆ ಕೊಡಬೇಕಾದ ಔಷಧ ಶುರುವಾಗಲೇ ಇಲ್ಲ. ನಾಲ್ಕು ತಿಂಗಳಿಗೆ ಅವಳು ರಕ್ತ ಕಾರಿ ಸತ್ತಳು.

ಸುದ್ದಿ ಪರೀಕ್ಷಕನ ಕಿವಿಗೂ ಬಿತ್ತು. ಎತ್ತಿಟ್ಟಿದ್ದ ಅವಳ ಗಾಜನ್ನು ತೆಗೆದು, ಕ್ಯಾಮೆರಾ ಬಿಟ್ಟು, ಬಗ್ಗಿ ಕಣ್ಣಿಟ್ಟು ನೋಡಿದ. ಅಂದು ನೋಡದೆ ಬಿಟ್ಟ ಪಟ್ಟೆಯಲ್ಲಿ ರೋಗಾಣುಗಳಿದ್ದವು. ನಾಲ್ಕೋ ಐದೋ, ಅಷ್ಟೇ. ಅವಳನ್ನು ಉಳಿಸಲು ಅಷ್ಟು ಸಾಕಿತ್ತು. ಅಯ್ಯೋ, ತಿರುಪನ್ನು ಅರ್ಧ ಅಳತೆ ಕಡಿಮೆ ತಿರುಗಿಸಬಾರದಿತ್ತೇ ಎಂದು ಮೇಜಿಗೆ ಹಣೆ ಚಚ್ಚಿಕೊಂಡ. ಅಷ್ಟರಲ್ಲಿ ಗಂಡ ಬಂದು ಬಾಗಿಲಲ್ಲಿ ನಿಂತ. "ಅಂದು ಪೂರ್ತಿ ನೋಡಿದೆ ಎಂದಿದ್ದಿರಲ್ಲ ಸ್ವಾಮಿ?" ಎಂದು ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು. ಉತ್ತರ ಸಿಕ್ಕಿತೆಂದು ಒಳಗೊಳಗೇ ಸಮಾಧಾನವೂ ಆಯಿತು.

"ತಪ್ಪು ಆ ಕ್ಯಾಮೆರಾದ್ದೇ ಗುರುಗಳೇ. ನಾನು ಪೂರ್ತಿ ತೋರಿಸುವುದನ್ನೇ ಕೊಳ್ಳುತ್ತೇನೆ," ಎಂದ.

"ಆ ಗಂಡನಿಗೆ ಪರೀಕ್ಷಕನೂ ಇದನ್ನೇ ಹೇಳಿದ, ತಪ್ಪು ಕ್ಯಾಮೆರಾದ್ದು ಅಂತ," ಎಂದರು ಗುರುಗಳು.