ಕಡಲವ್ವನ ನೆಲ ಸಾರಿಸಿದ ಮೂರು ಹೊಳೆಗಳು

ಆಗ ಭೂಮಿ ಇನ್ನೂ ಹೊಸದು. ಯಾವುದು ಎಲ್ಲಿರಬೇಕು ಅನ್ನುವುದು ಇನ್ನೂ ಪಕ್ಕಾ ಆಗಿರಲಿಲ್ಲ. ಕೂತು ಕೂತು ಬೇಸರವಾದರೆ ಗುಡ್ಡಗಳು ಎದ್ದು ಪಕ್ಕದ ಸೀಮೆಗೆ ಹೋಗಿ ಕೂರುತ್ತಿದ್ದವು. ಕಡಲೂ ಈಗಿನ ಹಾಗೆ ನೆಲದ ಅಂಚಿನಲ್ಲಿರಲಿಲ್ಲ. ನಮ್ಮ ಬಾದಾಮಿ ಸೀಮೆಯಲ್ಲೇ, ಇವತ್ತು ಜೋಳ ಬಿತ್ತುವ ಕಡೆಯಲ್ಲೇ, ನಟ್ಟನಡುವೆ ಮನೆ ಮಾಡಿಕೊಂಡಿತ್ತು.

ಆ ಕಡಲಿಗೆ ಎಲ್ಲರೂ ಕಡಲವ್ವ ಅನ್ನುತ್ತಿದ್ದರು. ಅವಳ ಮೈ ದೊಡ್ಡದು, ಮನಸ್ಸು ಬಲು ಮೆತ್ತಗೆ. ಯಾರಿಗೂ ‘ಬೇಡ’ ಅನ್ನಲು ಅವಳಿಗೆ ಬಾಯಿಯೇ ಬರುತ್ತಿರಲಿಲ್ಲ. ಎರಡು ದಿನ ಇದ್ದು ಹೋಗುತ್ತೇನೆ ಎಂದು ಬಂದ ಏಡಿ, ಅಲ್ಲೇ ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನೂ ಕಂಡಿತ್ತು.

ಕಡಲವ್ವನ ಅಣ್ಣನಿಗೆ ಮೂವರು ಹೆಣ್ಣುಮಕ್ಕಳು. ಮೂವರೂ ಹೊಳೆಗಳು. ಹಿರಿಯವಳು ಕೆಂಚವ್ವ, ನಡುವಿನವಳು ಹೊನ್ನವ್ವ, ಕಿರಿಯವಳು ಗೌರವ್ವ. ಮೂವರಿಗೂ ಅತ್ತೆಯ ಮೇಲೆ ಜೀವ. ಆದರೆ ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಯಾಕೆ ಮಾತು ಬಿಟ್ಟರು ಎಂದು ಕೇಳಿದರೆ ಅವರಿಗೂ ನೆನಪಿರಲಿಲ್ಲ.

ಒಂದು ಮಳೆಗಾಲ ಕೆಂಚವ್ವ ಅತ್ತೆಯ ಮನೆಗೆ ಬಂದಳು. ಒಳಗೆ ಕಾಲಿಟ್ಟವಳೇ ಮೂಗು ಮುರಿದಳು.

“ಅತ್ತಿ, ನೆಲ ಹಿಂಗ್ಯಾಕ ಬಿಟ್ಟೀರಿ? ನೋಡಿದವರು ಏನಂದಾರು?”

ಉಡಿಯಲ್ಲಿ ತಂದಿದ್ದ ಕೆಂಪು ಮಣ್ಣು ಸುರಿದಳು. ಸೀರೆ ಎತ್ತಿ ಕಟ್ಟಿ ಇಡೀ ನೆಲ ಸಾರಿಸಿದಳು. ಬೆರಳಿನ ಗೆರೆಗಳು ಬಾಗಿ ಬಾಗಿ ಚೆಂದಾಗಿ ಮೂಡಿದವು.

“ಹೆಂಗಾತ್ರಿ, ಅತ್ತಿ?”

ಕಡಲವ್ವನಿಗೆ ನೆಲ ಹೇಗಿದ್ದರೂ ಒಂದೇ. ಆದರೆ ಹುಡುಗಿ ಅಷ್ಟು ದೂರದಿಂದ ಮಣ್ಣು ಹೊತ್ತು ತಂದಿದ್ದಾಳೆ. “ನಿನ್ನ ಕೈಯಂಥಾ ಕೈ ಇನ್ನೊಂದಿಲ್ಲ ಬಿಡವಾ,” ಎಂದಳು.

ಕೆಂಚವ್ವ ಹೋದಳು, ಹೊನ್ನವ್ವ ಬಂದಳು.

“ಇದೇನ್ರಿ ಅತ್ತಿ, ಯಾರೋ ಎಲೆಅಡಕಿ ಉಗುಳಿದಂಗ ಐತಲ್ಲ,” ಎಂದವಳೇ ಕೆಂಪಿನ ಮೇಲೆ ಹಳದಿ ಮಣ್ಣು ಸುರಿದು ಸಾರಿಸಿದಳು.

“ನಿನ್ನ ಕೈಯಂಥಾ ಕೈ ಇನ್ನೊಂದಿಲ್ಲ ಬಿಡವಾ,” ಎಂದಳು ಕಡಲವ್ವ.

ಹೊನ್ನವ್ವ ಹೋದಳು, ಗೌರವ್ವ ಬಂದಳು.

“ಅರಿಶಿಣದ ಡಬ್ಬಿ ಚೆಲ್ಲಿತೇನ್ರಿ, ಅತ್ತಿ?” ಎಂದವಳೇ ಹಳದಿಯ ಮೇಲೆ ಬಿಳಿ ಮಣ್ಣು ಸುರಿದು ಸಾರಿಸಿದಳು.

ಅವಳಿಗೂ ಅದೇ ಮಾತು ಸಿಕ್ಕಿತು.

ಮರುವರ್ಷ ಕೆಂಚವ್ವ ಬಂದು ನೋಡುತ್ತಾಳೆ, ತನ್ನ ಕೆಂಪು ನೆಲವೇ ಇಲ್ಲ. ಮತ್ತೆ ಸಾರಿಸಿದಳು. ಆಮೇಲೆ ಹೊನ್ನವ್ವ. ಆಮೇಲೆ ಗೌರವ್ವ. ಹೀಗೇ ನೂರು ಮಳೆಗಾಲ ಆಯಿತು, ಸಾವಿರ ಆಯಿತು, ಎಣಿಸುವವರಿಗೆ ಸಾಕಾಯಿತು. ನೆಲ ಮೇಲೆ ಮೇಲೆ ಬಂತು. ಕಡಲವ್ವ ತೆಳ್ಳಗಾಗುತ್ತಾ ಹೋದಳು.

ಆ ಮನೆಯಲ್ಲಿ ಒಬ್ಬ ಮುದಿ ಆಮೆ ಇದ್ದ, ಸಿದ್ದಜ್ಜ ಅಂತ. ಒಂದು ದಿನ ಅವನು ಕಡಲವ್ವನ ಮುಂದೆ ಬಂದು ನಿಂತ.

“ಯವ್ವಾ, ಮೊದಲು ಮ್ಯಾಲಿಂದ ತಳಕ್ಕ ಇಳಿಯೂದ್ರಾಗ ನಡುವ ಒಂದು ನಿದ್ದಿ ಆಗತಿತ್ತು. ಈಗ ಹೊಟ್ಟಿ ನೆಲಕ್ಕ ತಾಗತೈತಿ, ಬೆನ್ನು ಬಿಸಲಾಗ ಒಣಗತೈತಿ. ದೊಡ್ಡ ಮೀನುಗಳು ಮಗ್ಗಲಾಗಿ ಈಜಾಕ ಹತ್ಯಾವು. ಇನ್ನೊಂದು ನಾಕು ಸಲ ಸಾರಿಸಿದ್ರ ನಾವೆಲ್ಲಾ ಸತ್ತೇವು. ‘ಸಾಕು’ ಅನ್ನು.”

“ಬೇಜಾರು ಮಾಡ್ಕೋತಾರೋ ಅಜ್ಜಾ.”

“ರೂಢಿ ಮಾಡ್ಕೋ. ನಾನs ಕೆಂಚವ್ವ ಅಂತ ತಿಳಿ. ‘ಅತ್ತಿ, ನೆಲ ಸಾರಿಸಲೇನ್ರಿ?’ ಈಗ ಹೇಳು.”

ಕಡಲವ್ವ ಉಸಿರು ಎಳೆದುಕೊಂಡಳು. “ಸಾ… ಸಾ… ಸಾವಕಾಶ ಸಾರಿಸವಾ, ಕೈ ನೊಂದೀತು.”

ಸಿದ್ದಜ್ಜ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ಮೂರು ದಿನ ಹೊರಗೆ ತೆಗೆಯಲಿಲ್ಲ.

ಆ ವರ್ಷ ಎಲ್ಲ ಕಡೆಗೂ ಒಮ್ಮೆಲೇ ಮಳೆ ಹಿಡಿಯಿತು. ಮೂವರು ಅಕ್ಕತಂಗಿಯರೂ ಉಡಿತುಂಬ ಮಣ್ಣು ಕಟ್ಟಿಕೊಂಡು ಒಂದೇ ದಿನ ಅತ್ತೆಯ ಬಾಗಿಲಿಗೆ ಬಂದರು. ಎಷ್ಟೋ ಕಾಲದ ಮೇಲೆ ಮುಖಕ್ಕೆ ಮುಖ ಬಿತ್ತು.

“ನನ್ನ ನೆಲದ ಮ್ಯಾಲ ಸಾರಿಸಾಕಿ ನೀನs ಏನು?” ಎಂದಳು ಕೆಂಚವ್ವ.

“ಅತ್ತೀಗೆ ನನ್ನ ಕೈಯೇ ಚಲೋ ಅಂತ,” ಎಂದಳು ಹೊನ್ನವ್ವ.

“ನನಗೂ ಹಂಗs ಅಂದಾರ,” ಎಂದಳು ಗೌರವ್ವ.

ಮೂವರೂ ಅತ್ತೆಯ ಕಡೆ ತಿರುಗಿದರು. ಕಡಲವ್ವ ಅಡಗಲು ಜಾಗ ಹುಡುಕಿದಳು. ಮೊಣಕಾಲುದ್ದದ ನೀರಿನಲ್ಲಿ ಕಡಲು ಎಲ್ಲಿ ಅಡಗೀತು? ಕೆಸರಿನಲ್ಲಿ ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ ಮೀನಿನ ಮರಿಗಳು ಅವಳ ಕಣ್ಣಿಗೆ ಬಿದ್ದವು.

“ಸಾಕು,” ಎಂದಳು.

ದನಿ ಎಷ್ಟು ಜೋರಾಗಿತ್ತೆಂದರೆ ಅವಳೇ ಬೆಚ್ಚಿದಳು.

“ನನಗ ಯಾವ ನೆಲಾನೂ ಬೇಕಾಗಿರಲಿಲ್ರೇ. ನಡದಾಡಾಕ ನನಗ ಕಾಲs ಇಲ್ಲ.”

ಗೌರವ್ವ ಮೆಲ್ಲಗೆ ಕೇಳಿದಳು, “ಮೊದಲs ಯಾಕ ಹೇಳಲಿಲ್ರಿ, ಅತ್ತಿ?”

“ನೀವು ನೊಂದ್ಕೋತೀರಿ ಅಂತ.”

ಅಕ್ಕತಂಗಿಯರಿಗೆ ನಗು ಬಂತೋ ಅಳು ಬಂತೋ ಗೊತ್ತಾಗಲಿಲ್ಲ. ಉಡಿಯ ಮಣ್ಣು ಅಲ್ಲೇ ಸುರಿದು, ಮೂವರೂ ಸೇರಿ ಅತ್ತೆಯನ್ನು ಕೈಹಿಡಿದು ಎಬ್ಬಿಸಿದರು. ಅತ್ತೆ, ಮೀನು, ಏಡಿಯ ಸಂಸಾರ, ಸಿದ್ದಜ್ಜ, ಎಲ್ಲರನ್ನೂ ಹೊತ್ತುಕೊಂಡು ನೆಲದ ಅಂಚಿನವರೆಗೆ ನಡೆದರು. ಅಲ್ಲಿ ತಳ ಕಾಣದಷ್ಟು ಆಳವಾದ ಜಾಗ ಸಿಕ್ಕಿತು. ಕಡಲವ್ವ ಮೈಚಾಚಿ ಮಲಗಿದಳು. ಸಿದ್ದಜ್ಜ ತಳಕ್ಕೆ ಇಳಿಯುತ್ತಾ ನಡುವೆಯೇ ನಿದ್ದೆ ಹೋದ.

ಇತ್ತ ಖಾಲಿ ಮನೆಯ ನೆಲ ಬಿಸಿಲಿಗೆ ಒಣಗಿತು, ಒಣಗಿ ಕಲ್ಲಾಯಿತು. ಗಾಳಿ ಮಳೆ ಅದನ್ನು ಅಲ್ಲಲ್ಲಿ ಕೊರೆದು ಬಂಡೆಗಳಾಗಿ ನಿಲ್ಲಿಸಿದವು.

ಮಗೂ, ಬಾದಾಮಿಯ ಬಂಡೆಗಳ ಹತ್ತಿರ ಹೋದಾಗ ನೋಡು: ಕೆಂಪು, ಅದರ ಮೇಲೆ ಹಳದಿ, ಅದರ ಮೇಲೆ ಬಿಳಿ, ಮತ್ತೆ ಕೆಂಪು. ಹಾಸುಗಲ್ಲಿನ ಮೇಲೆ ಅಂಗೈ ಆಡಿಸಿದರೆ ಬಾಗಿದ ಗೆರೆಗಳು ಸಿಗುತ್ತವೆ. ಕಲ್ಲು ಒಡೆಯುವವರು ಎರಡು ಪದರದ ನಡುವೆ ಉಳಿ ಇಟ್ಟು ಒಂದು ಏಟು ಹಾಕಿದರೆ ಸಾಕು, ಹಪ್ಪಳ ಬಿಡಿಸಿದ ಹಾಗೆ ಚಪ್ಪಡಿ ಬಿಟ್ಟುಕೊಳ್ಳುತ್ತದೆ. ಯಾಕೆಂದರೆ ಆ ನೆಲ ಸಾರಿಸುವಾಗ ಅಕ್ಕತಂಗಿಯರು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು.