ಕೊಸರಿಗೊಂದು ಸುದ್ದಿ

ಅರಸೀಕೆರೆಯಲ್ಲಿ ನೀಲಾಂಬಿಕೆ ಎಂಬ ಗೃಹಿಣಿಯಿದ್ದಳು. ಅವಳ ಗಂಡ ಇಂದುಧರ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಡಾಕ್ಟರು ಇಬ್ಬರನ್ನೂ ಪರೀಕ್ಷೆ ಮಾಡಿ, ತೊಂದರೆಯೇನೂ ಕಾಣಿಸುತ್ತಿಲ್ಲ, ಕಾಯಿರಿ ಎಂದಿದ್ದರು. ಹೇಳುವುದು ಡಾಕ್ಟರಿಗೇನು, ಸುಲಭ.

ಅತ್ತೆ ರುದ್ರಾಣಮ್ಮ ಹಿರಿಯ ಮಗನ ಜೊತೆ ಬಾಣಾವರದಲ್ಲಿದ್ದಳು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನೀಲಾಂಬಿಕೆಗೆ ಫೋನ್ ಮಾಡುತ್ತಿದ್ದಳು. ಅಡುಗೆ ಏನು, ಮಗ ಬಂದನೇ ಎಂದೆಲ್ಲ ವಿಚಾರಿಸಿ, ಕೊನೆಗೆ ತಪ್ಪದೆ ಒಂದು ಮಾತು ಕೇಳುತ್ತಿದ್ದಳು.

“ಮತ್ತೆ, ಏನಾದ್ರೂ ವಿಶೇಷ?”

ಮದುವೆಯಾದ ಹೆಣ್ಣಿಗೆ ಈ ಪ್ರಶ್ನೆ ಹಾಕಿದರೆ ನಮ್ಮಲ್ಲಿ ಅದಕ್ಕಿರುವುದು ಒಂದೇ ಅರ್ಥ. ಅವಳು ಪರೀಕ್ಷೆ ಪಾಸಾದರೆ ವಿಶೇಷವಲ್ಲ, ಸ್ಕೂಟರ್ ಓಡಿಸಲು ಕಲಿತರೆ ವಿಶೇಷವಲ್ಲ. ಬಸುರಾದರೆ ಮಾತ್ರ ವಿಶೇಷ.

“ಏನಿಲ್ಲ ಅತ್ತೆ,” ಎನ್ನುತ್ತಿದ್ದಳು ನೀಲಾಂಬಿಕೆ.

ರುದ್ರಾಣಮ್ಮ ಕೆಟ್ಟವಳೇನಲ್ಲ. ಆಸೆಯಿಂದಲೇ ಕೇಳುತ್ತಿದ್ದಳು. ಆದರೆ ದಿನಕ್ಕೊಂದು ಸಲ ‘ಏನಿಲ್ಲ’ ಎಂದು ಆರು ವರ್ಷ ಹೇಳಿ ನೋಡಿ, ಆಗ ಗೊತ್ತಾಗುತ್ತದೆ. ನೀಲಾಂಬಿಕೆ ಮೊದಮೊದಲು ಅತ್ತೆಗೆ ಹಾಗೆ ಹೇಳುತ್ತಿದ್ದಳು. ಆಮೇಲೆ ಗಂಡ ಕೇಳಿದರೂ ಏನಿಲ್ಲ, ತವರಿನವರು ಕೇಳಿದರೂ ಏನಿಲ್ಲ. ಮದುವೆ, ನಾಮಕರಣಗಳಿಗೆ ಹೋಗುವುದನ್ನೂ ಬಿಟ್ಟಳು. ಅಲ್ಲಿ ಇದೇ ಪ್ರಶ್ನೆಯನ್ನು ಐವತ್ತು ಜನ ಕೇಳುತ್ತಾರಲ್ಲ!

ಆ ಬೀದಿಗೆ ಬೆಳಿಗ್ಗೆ ಸಾಕಮ್ಮ ಎಂಬ ಮುದುಕಿ ಹೂವು ಮಾರಲು ಬರುತ್ತಿದ್ದಳು. ಮಾಲೆಯನ್ನು ತನ್ನ ಕೈಯಲ್ಲೇ ಮೊಳ ಹಾಕಿ ಅಳೆಯುತ್ತಿದ್ದಳು. ಅಳತೆ ಮುಗಿದ ಮೇಲೆ ಎಲ್ಲರೂ ಕೊಸರು ಕೇಳುತ್ತಾರೆ. ಕೊಸರೆಂದರೆ ಗೊತ್ತಲ್ಲ, ಅಳತೆಯ ಮೇಲೆ ಪ್ರೀತಿಗೆ ಕೊಡುವ ಗೇಣುದ್ದ. ಸಾಕಮ್ಮನ ಹತ್ತಿರ ಅದು ಸುಮ್ಮನೆ ಸಿಗುತ್ತಿರಲಿಲ್ಲ.

“ಮೊಳಕ್ಕೆ ದುಡ್ಡು, ಕೊಸರಿಗೆ ಸುದ್ದಿ. ಒಂದು ಒಳ್ಳೆ ಸುದ್ದಿ ಹೇಳು, ಕೊಡ್ತೀನಿ,” ಎನ್ನುತ್ತಿದ್ದಳು.

ನೀಲಾಂಬಿಕೆಗೆ ಎಷ್ಟೋ ತಿಂಗಳಿಂದ ಕೊಸರು ಸಿಕ್ಕಿರಲಿಲ್ಲ. ಒಂದು ದಿನ ಸಾಕಮ್ಮ ಬುಟ್ಟಿ ಇಳಿಸಿ ಕೂತೇಬಿಟ್ಟಳು.

“ಏನವ್ವಾ, ಇವತ್ತಾದ್ರೂ ಏನಾದ್ರೂ ವಿಶೇಷ ಐತಾ?”

“ಏನಿಲ್ಲ ಸಾಕಮ್ಮ. ನಮ್ಮನೇಲಿ ಏನು ವಿಶೇಷ ಇರುತ್ತೆ?”

“ನಾನು ನಿನ್ನ ಹೊಟ್ಟೆ ಸುದ್ದಿ ಕೇಳ್ಲಿಲ್ಲ ಕಣವ್ವಾ. ಅದು ದೇವರ ಕೆಲಸ, ಅವನು ಮಾಡ್ಕೊಳ್ಲಿ. ನಿನ್ನೆ ಬೆಳಿಗ್ಗೆ ನಾನು ಹೋದಾಗಿಂದ ಇವತ್ತು ಬರೋತಂಕ ಈ ಮನೇಲಿ ಒಂದು ಒಳ್ಳೇದೂ ಆಗ್ಲಿಲ್ವಾ?”

ನೀಲಾಂಬಿಕೆಗೆ ಸಿಟ್ಟು ಬಂತು. ಆದರೆ ಯೋಚಿಸಿದಳು. ಯೋಚಿಸಿ ಯೋಚಿಸಿ, ನಾಚಿಕೊಂಡು ಹೇಳಿದಳು. “ಗ್ಯಾಸ್ ನಿನ್ನೇನೇ ಮುಗಿಯುತ್ತೆ ಅಂದ್ಕೊಂಡಿದ್ದೆ. ಇನ್ನೂ ಉರೀತಾ ಇದೆ.”

ಸಾಕಮ್ಮ ಗಂಭೀರವಾಗಿ ತಲೆಯಾಡಿಸಿದಳು. “ಇದು ನಾಲ್ಕು ಹೂವಿನ ಸುದ್ದಿ,” ಎಂದು ಎಣಿಸಿ ನಾಲ್ಕೇ ಹೂವು ಕೊಟ್ಟಳು.

ಮಾರನೆಯ ದಿನ ನೀಲಾಂಬಿಕೆ ಟಿವಿಯಲ್ಲಿ ಕಂಡ ಯಾವುದೋ ಸುದ್ದಿ ಹೇಳಿದಳು. ಸಾಕಮ್ಮ ಒಪ್ಪಲಿಲ್ಲ. “ಅದನ್ನ ನಾನೂ ನೋಡಿದೀನಿ. ನಿನ್ನ ಮನೇದು ಹೇಳು.” ಹೀಗಾಗಿ ನೀಲಾಂಬಿಕೆ ಕಣ್ಣು ಬಿಟ್ಟುಕೊಂಡು ಓಡಾಡಬೇಕಾಯಿತು. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಒಲೆ ಆರಿಸಿದ್ದು ಒಂದು ದಿನದ ಸುದ್ದಿಯಾಯಿತು. ಮೂರು ಅಂಗಡಿಯವರು ಆಗುವುದಿಲ್ಲ ಎಂದು ವಾಪಸ್ ಕಳಿಸಿದ್ದ ಮಿಕ್ಸಿಯನ್ನು ಇಂದುಧರ ಸರಿಮಾಡಿದ. ಅದರ ಯಜಮಾನಿ ಅಜ್ಜಿ ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದಳಂತೆ. ಈ ವಿಷಯವನ್ನು ಇಂದುಧರ ತಾನಾಗಿ ಹೇಳಿರಲಿಲ್ಲ. ಕೊಸರಿಗೆ ಸುದ್ದಿ ಬೇಕೆಂದು ನೀಲಾಂಬಿಕೆ ಕೆದಕಿ ಕೇಳಿದಾಗ ಹೊರಗೆ ಬಂತು. ಆ ಬೆಳಿಗ್ಗೆ ಪೂರಾ ಒಂದು ಗೇಣು ಮಲ್ಲಿಗೆ ಸಿಕ್ಕಿತು. ಎರಡು ತಿಂಗಳು ಹೀಗೆ ನಡೆಯಿತು. ಅವಳ ಮುಖ ಸ್ವಲ್ಪ ಗೆಲುವಾದದ್ದನ್ನು ಇಂದುಧರನೂ ಗಮನಿಸಿದ. ಗಂಡಸರು, ತಡವಾಗಿ ಗಮನಿಸುತ್ತಾರೆ.

ಒಂದು ಮಂಗಳವಾರ ಬಟ್ಟೆ ಒಣಹಾಕಿ ಸಂತೆಗೆ ಹೋಗಿದ್ದಾಗ ಜೋರಾಗಿ ಮಳೆ ಬಂತು. ನೀಲಾಂಬಿಕೆ ಓಡೋಡಿ ಬಂದು ನೋಡಿದರೆ ತಂತಿಯ ಮೇಲೆ ಒಂದು ಬಟ್ಟೆಯೂ ಇಲ್ಲ. ಎಲ್ಲವನ್ನೂ ಯಾರೋ ಮಡಿಸಿ ಜಗಲಿಯ ಮೇಲೆ ಇಟ್ಟಿದ್ದರು. ಗಾಳಿಗೆ ಹಾರದಂತೆ ಮೇಲೊಂದು ಸ್ಟೀಲ್ ಪಾತ್ರೆ ಮಗುಚಿದ್ದರು. ಪಾತ್ರೆಯ ಮೇಲೆ ‘ಜಯಶೀಲ’ ಎಂದು ಹೆಸರು ಕೊರೆದಿತ್ತು.

ಜಯಶೀಲ ಎದುರು ಮನೆಯವಳು. ಎರಡು ವರ್ಷದಿಂದ ಎರಡು ಮನೆಗೂ ಮಾತಿರಲಿಲ್ಲ. ಜಗಳ ತೆಗೆದವಳು ರುದ್ರಾಣಮ್ಮ. ಹಬ್ಬಕ್ಕೆ ಬಂದಿದ್ದಾಗ, ಎದುರು ಮನೆಯ ಅಂಗಳ ತೊಳೆದ ನೀರು ಹರಿದು ತಾನು ಹಾಕಿದ ರಂಗೋಲಿ ಅಳಿಸಿತು ಎಂದು ಬೀದಿ ಸೇರುವ ಹಾಗೆ ಕೂಗಾಡಿದ್ದಳು. ಜಯಶೀಲಳಿಗೆ ಆಡಬಾರದ ಮಾತನ್ನೂ ಆಡಿದ್ದಳು. ಈಗ ಅದೇ ಜಯಶೀಲ ತಾನಾಗಿ ಬೀದಿ ದಾಟಿ ಬಂದಿದ್ದಳು. ನೀಲಾಂಬಿಕೆ ಆ ಪಾತ್ರೆ ಹಿಡಿದು ನಿಂತೇ ಇದ್ದಳು. ಅವಳಿಗೆ ತುಂಬಾ ಸಂತೋಷವಾಗಿತ್ತು.

ಅಷ್ಟರಲ್ಲಿ ಅತ್ತೆಯ ಫೋನು.

“ಮತ್ತೆ, ಏನಾದ್ರೂ ವಿಶೇಷ?”

“ಇದೆ ಅತ್ತೆ! ಇವತ್ತು ವಿಶೇಷ ಇದೆ!”

ಆ ಕಡೆಯಿಂದ “ಅಯ್ಯೋ ನನ್ನಪ್ಪ ಸಿದ್ಧೇಶ್ವರ!” ಎಂಬ ಕೂಗು. ಫೋನು ಕಟ್ಟಾಯಿತು.

ತಾನು ಏನು ಹೇಳಿಬಿಟ್ಟೆ ಎಂದು ನೀಲಾಂಬಿಕೆಗೆ ಹೊಳೆದದ್ದು ಆಗ. ತಿರುಗಿ ಫೋನ್ ಮಾಡಿದಳು. ಚಂದಾದಾರರು ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ. ಮತ್ತೆ ಮಾಡಿದಳು, ಮತ್ತೆ ನಿರತರು. ರುದ್ರಾಣಮ್ಮ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದಳು. ಬಾಣಾವರದ ತನ್ನ ಬೀದಿಯಲ್ಲಿ ಸಕ್ಕರೆಯನ್ನೂ ಹಂಚಿಬಿಟ್ಟಳು.

ಇಂದುಧರ ಎಲ್ಲವನ್ನೂ ಕೇಳಿ, “ಬೆಳಿಗ್ಗೆ ನಾನೇ ಹೇಳ್ತೀನಿ ಬಿಡು,” ಎಂದ. ಅವನು ಹೇಳುವುದಕ್ಕೆ ಮೊದಲೇ, ಬೆಳಗಿನ ಮೊದಲ ಬಸ್ಸಿಗೆ ರುದ್ರಾಣಮ್ಮ ಬಂದಿಳಿದಳು. ಚೀಲದಲ್ಲಿ ಒಂದು ಡಜನ್ ಹಸಿರು ಬಳೆ, ಒಂದು ಡಬ್ಬಿ ಕೊಬ್ಬರಿ ಮಿಠಾಯಿ, ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ.

“ಎದ್ದು ಯಾಕೆ ಬಂದೆ? ಕೂತ್ಕೋ! ಭಾರ ಏನೂ ಎತ್ತಬೇಡ!” ಎನ್ನುತ್ತಲೇ ಒಳಗೆ ಬಂದು ಸೊಸೆಯ ಕೈಗೆ ಬಳೆ ತೊಡಿಸಲು ಕೂತಳು.

ಇನ್ನೂ ಎರಡು ತಿಂಗಳು ಸುಮ್ಮನಿದ್ದು ಆಮೇಲೆ ಏನೋ ಒಂದು ಹೇಳಿದರಾಯಿತು ಎಂದು ನೀಲಾಂಬಿಕೆಗೆ ಒಂದು ಕ್ಷಣ ಅನ್ನಿಸಿತು. ಅನ್ನಿಸದೆ ಇರುತ್ತದೆಯೇ? ಆದರೆ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಅತ್ತೆ, ನಾನು ಬಸುರಿಯಲ್ಲ.”

ರುದ್ರಾಣಮ್ಮನ ಕೈಯಲ್ಲಿ ಬಳೆ ಹಾಗೇ ನಿಂತಿತು. “ಮತ್ತೆ ನಿನ್ನೆ ವಿಶೇಷ ಇದೆ ಅಂದೆ?”

“ಇತ್ತು. ಪೂರ್ತಿ ಹೇಳೋಕೆ ನೀವು ಬಿಡ್ಲಿಲ್ಲ.”

“ಊರಿಗೆಲ್ಲ ಸಕ್ಕರೆ ಹಂಚಿ ಬಂದೀನಲ್ಲೇ! ನಾನು ಯಾವ ಮುಖ ಇಟ್ಕೊಂಡು ವಾಪಸ್ ಹೋಗ್ಲಿ? ಇಲ್ಲ ಅಂದ್ರೆ ಇಲ್ಲ ಅನ್ನಬೇಕು. ಇಷ್ಟು ದಿನ ಏನಿಲ್ಲ ಅಂತಿದ್ದವಳಿಗೆ ನಿನ್ನೆ ಏನಾಗಿತ್ತು?”

ನೀಲಾಂಬಿಕೆ ಅತ್ತೆಗೆ ಎಂದೂ ಎದುರಾಡಿದವಳಲ್ಲ. ಅವತ್ತು ಮಾತಾಡಿದಳು.

“ಆರು ವರ್ಷ ಏನಿಲ್ಲ, ಏನಿಲ್ಲ ಅಂತ ಅಂದೂ ಅಂದೂ, ನಾನೇ ಏನೂ ಇಲ್ಲ ಅನ್ನೋ ಹಾಗಾಗಿದ್ದೆ ಅತ್ತೆ. ನೀವು ಫೋನಿಟ್ಟ ಮೇಲೆ ದಿನಾ ಸ್ವಲ್ಪ ಹೊತ್ತು ಗೋಡೆ ನೋಡ್ತಾ ಕೂತಿರ್ತಿದ್ದೆ. ನಿನ್ನೆ ಖುಷಿಯಾಗಿದ್ದೆ. ಅದಕ್ಕೇ ಬಾಯಿಗೆ ಬಂತು.”

ತಾನು ದಿನಾ ಕೇಳಿದ್ದು ಹೀಗೆ ತಾಗುತ್ತಿತ್ತೆಂದು ರುದ್ರಾಣಮ್ಮನಿಗೆ ಗೊತ್ತೇ ಇರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಮೊಮ್ಮಗು ಇಲ್ಲವೆಂಬ ದುಃಖವೂ ಅದರಲ್ಲಿತ್ತು, ಇಲ್ಲವೆನ್ನಲಾರೆ.

ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು. “ಏನು ಅಂಥ ಖುಷಿ? ಈಗ ಹೇಳು. ಪೂರ್ತಿ ಹೇಳು.”

ನೀಲಾಂಬಿಕೆ ಮಳೆ, ಬಟ್ಟೆ, ಪಾತ್ರೆ ಎಲ್ಲವನ್ನೂ ಹೇಳಿದಳು. ರುದ್ರಾಣಮ್ಮ ಆ ಪಾತ್ರೆಯನ್ನು ತರಿಸಿ, ಕೊರೆದ ಹೆಸರನ್ನು ಓದಿದಳು.

“ಮಡಿಸಿ ಬೇರೆ ಇಟ್ಟಿದ್ದಳಾ?”

“ನಿಮ್ಮ ಮಗನ ಅಂಗಿಗೆ ಗುಂಡಿ ಕೂಡ ಹಾಕಿ ಮಡಿಸಿದ್ಲು.”

“ನಾನು ಅವಳಿಗೆ ಏನೆಲ್ಲ ಅಂದಿದ್ದೆ, ಗೊತ್ತಾ ನಿಂಗೆ?”

“ಗೊತ್ತು ಅತ್ತೆ. ಬೀದಿಗೇ ಗೊತ್ತು.”

ಬೇರೆಯವರ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ರುದ್ರಾಣಮ್ಮ ಎದ್ದು, ಬಸುರಿ ಸೊಸೆಗೆಂದು ತಂದಿದ್ದ ಕೊಬ್ಬರಿ ಮಿಠಾಯಿಯನ್ನು ಅದರ ತುಂಬ ಹಾಕಿದಳು. ಸೆರಗು ಸರಿಮಾಡಿಕೊಂಡು ಬೀದಿ ದಾಟಿದಳು. ಎದುರು ಮನೆಯ ಬಾಗಿಲು ತೆರೆಯಿತು. ಇಬ್ಬರೂ ಏನು ಮಾತಾಡಿದರೋ ಕೇಳಿಸಲಿಲ್ಲ. ಐದು ನಿಮಿಷಕ್ಕೆಂದು ಹೋದವಳು ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಂದಳು. ಬಂದವಳೇ ಸೊಸೆಯನ್ನು ಕೂರಿಸಿ ಹಸಿರು ಬಳೆಗಳನ್ನು ಎರಡೂ ಕೈಗೆ ತೊಡಿಸಿದಳು.

“ಇದು ಬಸುರಿಗೆ ತಂದಿದ್ದಲ್ವಾ ಅತ್ತೆ?”

“ನನ್ನ ಸೊಸೆಗೆ ತಂದಿದ್ದು. ಕೈ ನೀಡು ಸುಮ್ನೆ.”

ಅಷ್ಟರಲ್ಲಿ ಬಾಣಾವರದಿಂದ ಪಕ್ಕದ ಮನೆಯವಳ ಫೋನು ಬಂತು. ಸೊಸೆಗೆ ಎಷ್ಟು ತಿಂಗಳು, ಹೇಗಿದ್ದಾಳೆ ಎಂದು ವಿಚಾರಿಸಿದಳು. ರುದ್ರಾಣಮ್ಮ ಗಂಟಲು ಸರಿಮಾಡಿಕೊಂಡಳು.

“ತಿಂಗಳೂ ಇಲ್ಲ, ವಾರವೂ ಇಲ್ಲ. ನಾನೇ ಅರ್ಧಂಬರ್ಧ ಕೇಳಿಸ್ಕೊಂಡು ಕುಣಿದಾಡಿದ್ದು. ತಪ್ಪು ನಂದು, ಅವಳದ್ದಲ್ಲ. ಆದ್ರೆ ಸಕ್ಕರೆ ತಿಂದಿದ್ದೇನೂ ದಂಡ ಅಲ್ಲ. ಸುದ್ದಿ ಒಳ್ಳೇದೇ. ಕೂತ್ಕೊಂಡು ಕೇಳು, ಹೇಳ್ತೀನಿ.”

ಕತೆ ಮುಗಿಯಿತು. ಆಮೇಲೆ ನೀಲಾಂಬಿಕೆಗೆ ಮಗುವಾಯಿತೇ ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ಅದೇ ವಿಶೇಷ ಬೇಕು! ನಾನು ಹೇಳುವುದಿಲ್ಲ.

ನೀತಿ: ಒಂದೇ ಒಂದು ದೊಡ್ಡ ಸುದ್ದಿಗಾಗಿ ಬಾಗಿಲು ಕಾಯುತ್ತ ಕುಳಿತವರಿಗೆ ದಿನವೂ ಮನೆಗೆ ಬರುವ ಸಣ್ಣ ಒಳ್ಳೆಯ ಸುದ್ದಿಗಳು ಕಾಣಿಸುವುದಿಲ್ಲ. ಹುಡುಕಿದರೆ ಅವು ಸಿಗುತ್ತವೆ, ಹೇಳಿಕೊಂಡರೆ ಹೆಚ್ಚುತ್ತವೆ. ಇನ್ನೊಬ್ಬರನ್ನು ‘ಏನು ವಿಶೇಷ’ ಎಂದು ಕೇಳುವವರು, ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಬೇಕು.