ಬೆಳಕಿಗೆ ಅಪ್ಪಣೆ ಕೊಟ್ಟ ಅರಸ

ಜಾಲಿಕೋಟೆಯ ಉದ್ದಂಡನಾಯಕನಿಗೆ ಎಲ್ಲದರಲ್ಲೂ ತಾನೇ ಮೊದಲಾಗಬೇಕು. ಊಟಕ್ಕೆ ಮೊದಲ ಎಲೆ ಅವನದು, ಕೆರೆಯಲ್ಲಿ ಮೊದಲ ಮುಳುಕು ಅವನದು. ಅಷ್ಟೇ ಯಾಕೆ, ಆಸ್ಥಾನದಲ್ಲಿ ಆಕಳಿಕೆ ಬಂದರೂ ಅರಸನದು ಮುಗಿದ ಮೇಲೇ ಮಿಕ್ಕವರದು. ಅಂಥವನ ಮುಂದೆ ನರಹರಿ ಜೋಯಿಸರು, ಪಾಪ, ಬಾಯಿ ತಪ್ಪಿ ಒಂದು ನಿಜ ಆಡಿಬಿಟ್ಟರು.

“ಬೆಳಕಿನ ಓಟ ಎಲ್ಲರಿಗೂ ಒಂದೇ, ಪ್ರಭು. ಅದಕ್ಕೆ ಎದುರಾಗಿ ಓಡಿದರೂ ಅಷ್ಟೇ, ಬೆನ್ನು ಹಾಕಿ ಓಡಿದರೂ ಅಷ್ಟೇ. ಅದರ ವೇಗ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗೋದಿಲ್ಲ.”

“ಎಲ್ಲರಿಗೂ ಅಂದರೆ? ನನಗೂ, ನನಗೆ ಕ್ಷೌರ ಮಾಡೋ ಕೆಂಚಣ್ಣನಿಗೂ ಒಂದೇನಾ?”

“ಒಂದೇ, ಪ್ರಭು.”

ಅರಸನ ಮುಖ ಕೆಂಪು ಮೆಣಸಿನಕಾಯಿ ಆಯಿತು. “ನಾನು ಬಂದರೆ ಆನೆಯೇ ದಾರಿ ಬಿಡುತ್ತೆ, ಈ ಬೆಳಕಿಗೇನು ಅಷ್ಟೊಂದು ಕೊಬ್ಬು? ನಾಳೆ ನನ್ನ ಕ್ಷೌರ ಮುಗಿದ ಕೂಡಲೇ ಈ ಜೋಯಿಸನನ್ನ ಕತ್ತೆ ಮೇಲೆ ಕೂರಿಸಿ ಗಡಿ ದಾಟಿಸಿ!”

ಜೋಯಿಸರಿಗೆ ಎಪ್ಪತ್ತು ವರ್ಷ. ಗಡಿಯಾಚೆ ಬರೀ ಕಾಡು. ಅವರು ಆಸ್ಥಾನದ ವಿದೂಷಕ ಸಂಕಪ್ಪನ ಕಡೆ ನೋಡಿದರು.

ಸಂಕಪ್ಪ ಎದ್ದು ಕೈಮುಗಿದ. “ಬೆಳಕಿನದೂ ತಪ್ಪಿಲ್ಲ, ಪ್ರಭು. ಇದುವರೆಗೆ ಅದಕ್ಕೆ ಯಾರೂ ಅಪ್ಪಣೆಯನ್ನೇ ಕೊಟ್ಟಿಲ್ಲ. ಪಾಪ, ಅದಕ್ಕೆ ಹೇಗೆ ಗೊತ್ತಾಗಬೇಕು?”

“ಹೌದಲ್ಲ!” ಅಂದ ಅರಸ.

ಸಂಜೆಯೊಳಗೆ ಊರೆಲ್ಲ ಡಂಗುರ. “ಕೇಳ್ರಪ್ಪೋ ಕೇಳ್ರಿ! ಇವತ್ತಿನಿಂದ ಬೆಳಕು ಅರಸರ ಕಣ್ಣಿಗೆ ಬೇಗ ಬರತಕ್ಕದ್ದು, ಪ್ರಜೆಗಳ ಕಣ್ಣಿಗೆ ತಡವಾಗಿ ಬರತಕ್ಕದ್ದು! ತಡವಾಗಿ ಕಾಣದವರಿಗೆ ಸೆರೆಮನೆ!”

ಸಂಕಪ್ಪ ಅದನ್ನು ಕೇಳಿಸಿಕೊಂಡು ನೆಟ್ಟಗೆ ಕೆಂಚಣ್ಣನ ಮನೆಗೆ ಹೋದ.

ಬೆಳಗಾಯಿತು. ಕೆಂಚಣ್ಣ ಬಂದ. ಗದ್ದಕ್ಕೆ ಹಚ್ಚಬೇಕಾದ ನೀರನ್ನು ಅರಸನ ಹೆಗಲಿಗೆ ಹಚ್ಚಿದ. ಕತ್ತಿ ಮಸೆದು, ಅರಸನ ಕಿವಿಯಿಂದ ಒಂದು ಗೇಣು ಆಚೆ, ಬರೀ ಗಾಳಿಯನ್ನು ಸರ್ರಸರ್ರನೆ ಬೋಳಿಸತೊಡಗಿದ.

“ಏನು ಬೋಳಿಸ್ತಿದ್ದೀಯೋ?”

“ತಮ್ಮ ಗದ್ದ, ಬುದ್ಧಿ.”

“ಗದ್ದ ಇಲ್ಲಿದೆಯಲ್ಲೋ, ಮಂಕೇ!”

“ತಮ್ಮ ಕಣ್ಣಿಗೆ ಅಲ್ಲಿದೆ, ಬುದ್ಧಿ. ತಮ್ಮ ಬೆಳಕು ಚುರುಕು. ನನ್ನ ಬೆಳಕು ನಿನ್ನೆ ಸಂಜೆಯಿಂದ ಕಾಲೆಳೀತಾ ಬರ್ತಿದೆ. ತಾವು ಆಗಲೇ ಈ ಕಡೆ ವಾಲಿದ್ದಿರಲ್ಲ, ನನಗಿನ್ನೂ ಅದೇ ಕಾಣ್ತಿದೆ. ಬೇಗ ಕಂಡುಬಿಟ್ಟರೆ ಸೆರೆಮನೆ ಅಲ್ಲವಾ?”

ಪಕ್ಕದಲ್ಲಿ ನಿಂತಿದ್ದ ಸಂಕಪ್ಪ ತಲೆದೂಗಿದ. “ಆಹಾ, ಎಂಥ ರಾಜಭಕ್ತಿ!”

“ಸರಿ, ನಾನು ಅಲ್ಲಾಡೋದೇ ಇಲ್ಲ. ಆಗ ತಡವಾಗಿ ಕಂಡರೂ ಇಲ್ಲೇ ಕಾಣ್ತೀನಿ” ಅಂದವನೇ ಅರಸ ಕಂಬದ ಹಾಗೆ ಕೂತ. ಈ ಸಲ ಕತ್ತಿ ಸರಿಯಾಗಿ ಬಂತು. ಅರ್ಧ ಗಡ್ಡ ಆಯಿತು, ಕತ್ತಿ ಗಂಟಲಿಗೆ ಇಳಿಯಿತು. ಅಷ್ಟರಲ್ಲಿ ಹಾಳಾದ್ದು ಒಂದು ಕೂದಲು ಅರಸನ ಮೂಗಿನೊಳಗೆ ಹೊಕ್ಕಿತು.

“ಕೆಂಚಣ್ಣಾ... ಸೀನು ಬರ್ತಿದೆ ಕಣೋ... ಕತ್ತಿ ತೆಗಿ!”

“ತೆಗೆಯೋದೇನು, ಬುದ್ಧಿ? ನನ್ನ ಕಣ್ಣಿಗೆ ಕತ್ತಿ ಇನ್ನೂ ಸಾಣೆಕಲ್ಲಿನ ಮೇಲೇ ಇದೆ! ತಾವು ಧಾರಾಳವಾಗಿ ಸೀನಿ.”

ಅರಸ ಎರಡೂ ಕೈಯಲ್ಲಿ ಮೂಗು ಅದುಮಿಕೊಂಡು ಕಿರುಚಿದ. “ಅಪ್ಪಣೆ ರದ್ದು! ಬೆಳಕು ಎಲ್ಲರಿಗೂ ಒಂದೇ! ನನಗೂ ಒಂದೇ, ನಿನಗೂ ಒಂದೇ! ಜೋಯಿಸರನ್ನ ಬಿಡ್ರೋ!”

ಕತ್ತಿ ತಟ್ಟನೆ ದೂರ ಸರಿಯಿತು. ಕೋಟೆ ಅದುರುವಂಥ ಸೀನು ಬಂತು.

ಜೋಯಿಸರು ‘ಬದುಕಿದೆಯಾ ಬಡಜೀವವೇ’ ಅಂತ ಮನೆ ಸೇರಿದರು. ಇತ್ತ ಅರಸ ಮೂಗೊರೆಸಿಕೊಂಡು ಸಂಕಪ್ಪನನ್ನು ಕೆಕ್ಕರಿಸಿ ನೋಡಿದ.

“ಇದೆಲ್ಲ ನಿನ್ನದೇ ಕಿತಾಪತಿ ಅಂತ ಗೊತ್ತು. ಇರಲಿ, ನಿಜ ಹೇಳು. ಬೆಳಕಿನ ಓಟ ನಿಜಕ್ಕೂ ಎಲ್ಲರಿಗೂ ಒಂದೇನಾ?”

“ನನಗೇನು ಗೊತ್ತು, ಪ್ರಭು? ಅದನ್ನ ಜೋಯಿಸರು ನೋಡಿಕೊಳ್ತಾರೆ. ಆದರೆ ಇನ್ನರ್ಧ ಗಡ್ಡ ಬಾಕಿ ಇರೋವರೆಗೆ, ಒಂದೇ ಅಂತ ನಂಬೋದು ತಮಗೆ ಕ್ಷೇಮ.”

ಅರಸನಿಗೆ ನಗು ಉಕ್ಕಿ ಬಂತು. ಕೊರಳ ಹಾರ ತೆಗೆದು ಸಂಕಪ್ಪನಿಗೆ ಕೊಟ್ಟ. ನಕ್ಕದ್ದು ಮಾತ್ರ ಕೆಂಚಣ್ಣ ಕ್ಷೌರ ಮುಗಿಸಿ ಕತ್ತಿ ಕೆಳಗಿಟ್ಟ ಮೇಲೆ.